ಸೂತಕವಿಲ್ಲ, ಶೋಕವುಂಟು



ಈ ದಿನ ತೀರಿಹೋದವರ ವಿಷಯವನ್ನಲ್ಲ, ಅವರ ಹಿಂದೆ ಉಳಿದವರ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಠಕ್ಕೆ ಬರುವ ತಾಯಂದಿರು ಆಗಾಗ ನಮ್ಮನ್ನು ಕೇಳುವುದುಂಟು: "ಬುದ್ಧೀ, ಮಗ ಹೋಗಿ ನಾಲ್ಕು ತಿಂಗಳಾಯಿತು, ಇನ್ನೂ ಅಳು ನಿಂತಿಲ್ಲ. ಲಿಂಗೈಕ್ಯನಾದವನಿಗಾಗಿ ಅತ್ತರೆ ಪಾಪ ಅಂತಾರೆ. ಹೌದೇ?"

ಪಾಪವಲ್ಲ, ತಾಯಿ. ಇದನ್ನು ಸ್ವಲ್ಪ ವಿಚಾರ ಮಾಡೋಣ.

ನಮ್ಮ ಧರ್ಮದಲ್ಲಿ ಪಂಚಸೂತಕಗಳಿಗೆ ಎಡೆಯಿಲ್ಲ. ಲಿಂಗಧಾರಿಗೆ ಪ್ರೇತಸೂತಕ ಅಂಟುವುದಿಲ್ಲ. ಆದಕಾರಣ ನಾವು ದೇಹವನ್ನು ಮೈಲಿಗೆಯೆಂದು ದೂರವಿಡದೆ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿಯೇ ಕ್ರಿಯಾಸಮಾಧಿ ಮಾಡುತ್ತೇವೆ. ಶರಣರು ಮರಣವನ್ನು ಹಬ್ಬದಂತೆ ಕಂಡರು, ನಿಜ. ಆದರೆ ಅದು ತಮ್ಮ ಸಾವಿಗೆ ತಾವು ಅಂಜಬಾರದೆಂದು ಕಂಡ ಕಾಣ್ಕೆ. ಮಗನನ್ನು ಕಳೆದುಕೊಂಡ ತಾಯಿಯ ಬಾಯಿ ಮುಚ್ಚಿಸುವುದಕ್ಕಲ್ಲ. ಸೂತಕವು ಮೈಲಿಗೆಯ ಮಾತು, ಶೋಕವು ಪ್ರೀತಿಯ ಮಾತು. ನಾವು ಬಿಟ್ಟದ್ದು ಮೈಲಿಗೆಯನ್ನು. ಪ್ರೀತಿಯನ್ನು ಬಿಡಿರೆಂದು ಯಾರೂ ಹೇಳಿಲ್ಲ.

ಕಾಳಿದಾಸ ಮಹಾಕವಿಯ ರಘುವಂಶದ ಎಂಟನೆಯ ಸರ್ಗದಲ್ಲಿ ಅಜಮಹಾರಾಜನ ಪ್ರಸಂಗ ಬರುತ್ತದೆ. ಉದ್ಯಾನದಲ್ಲಿ ರಾಣಿ ಇಂದುಮತಿಯೊಡನೆ ಇರುವಾಗ, ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ನಾರದರ ವೀಣೆಯ ಹೂಮಾಲೆ ಜಾರಿ ಅವಳ ಎದೆಯ ಮೇಲೆ ಬೀಳುತ್ತದೆ. ಅವಳ ಪ್ರಾಣ ಹೋಗುತ್ತದೆ. ರಾಜನು ಅವಳನ್ನು ತೊಡೆಯ ಮೇಲಿಟ್ಟುಕೊಂಡು ವಿಲಪಿಸುತ್ತಾನೆ. ಕುಲಗುರು ವಸಿಷ್ಠರು ಯಜ್ಞದೀಕ್ಷೆಯಲ್ಲಿದ್ದುದರಿಂದ ಶಿಷ್ಯನ ಕೈಯಲ್ಲಿ ಉಪದೇಶ ಕಳುಹಿಸುತ್ತಾರೆ. ಆ ಉಪದೇಶದಲ್ಲಿ ದೋಷವೇನೂ ಇಲ್ಲ. ಶಿಷ್ಯ ಬಂದ, ಹೇಳಿದ. ಅಜನು "ಹಾಗೆಯೇ ಆಗಲಿ" ಎಂದು ಅವನನ್ನು ಬೀಳ್ಕೊಟ್ಟ. ದುಃಖದಿಂದ ತುಂಬಿದ್ದ ಆ ಹೃದಯದಲ್ಲಿ ಜಾಗ ಸಿಗದೆ ಉಪದೇಶವು ಗುರುವಿನ ಬಳಿಗೇ ಹಿಂದಿರುಗಿದಂತಾಯಿತೆಂದು ಕವಿ ವರ್ಣಿಸುತ್ತಾನೆ.

ಉಪದೇಶ ಮಾಡುವ ನಮ್ಮಂಥವರು ಇದನ್ನು ಚೆನ್ನಾಗಿ ನೆನಪಿಡಬೇಕು. ತುಂಬಿದ ಕೊಡಕ್ಕೆ ಎಂಥ ಪವಿತ್ರ ಜಲವನ್ನು ಸುರಿದರೂ ಹೊರಗೇ ಚೆಲ್ಲುತ್ತದೆ. ಮೊದಲು ಕೊಡ ಬರಿದಾಗಬೇಕು. ಅಳುವುದೆಂದರೆ, ಹೋದವರ ವಿಷಯ ಹೇಳಿಕೊಳ್ಳುವುದೆಂದರೆ, ಕೊಡವನ್ನು ಬರಿದು ಮಾಡುವುದೇ. ತತ್ತ್ವದ ಮಾತಿಗೆ ಸಮಯ ಆಮೇಲೆ ಬರುತ್ತದೆ.

ಈಚಿನ ಮನಶ್ಶಾಸ್ತ್ರವೂ ಈ ದಾರಿಯನ್ನೇ ನೋಡಿದೆ. 1969ರಲ್ಲಿ ಎಲಿಜಬೆತ್ ಕುಬ್ಲರ್-ರಾಸ್ ಎಂಬ ವೈದ್ಯೆ ಐದು ಹಂತಗಳನ್ನು ಹೇಳಿದರು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಆಕೆ ಆಗ ಹೇಳಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಕಂಡು. ಉಳಿದವರ ದುಃಖ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಸ್ಕುಟ್ ಎಂಬ ವಿದ್ವಾಂಸರು ಅದನ್ನು ಒಂದು ತೂಗಾಟವೆಂದು ವಿವರಿಸಿದರು. ಮನಸ್ಸು ಒಮ್ಮೆ ಹೋದವರ ಕಡೆಗೆ ತೂಗುತ್ತದೆ, ಒಮ್ಮೆ ಹೊಲಮನೆ, ಮಕ್ಕಳ ಶಾಲೆ, ದನಕರುಗಳ ಕಡೆಗೆ ತೂಗುತ್ತದೆ. ಎರಡೂ ಬೇಕು. ಆದಕಾರಣ ಮಧ್ಯಾಹ್ನ ನಕ್ಕ ವಿಧವೆಯನ್ನು ನೋಡಿ "ಇಷ್ಟು ಬೇಗ ಮರೆತಳು" ಎನ್ನಬಾರದು. ರಾತ್ರಿ ಅತ್ತರೆ "ಇನ್ನೂ ಮುಗಿಯಲಿಲ್ಲವೇ" ಎನ್ನಲೂಬಾರದು.

ಹಾಗಾದರೆ ದುಃಖಕ್ಕೆ ಎಲ್ಲೆಯಿಲ್ಲವೇ? ಉಂಟು. ಅಜಮಹಾರಾಜನು ಎಳೆಯ ಮಗ ದಶರಥನಿಗಾಗಿ ಎಂಟು ವರ್ಷ ಹೇಗೋ ಕಳೆದ. ಪತ್ನಿಯ ಚಿತ್ರಗಳನ್ನು ನೋಡುತ್ತ, ಕನಸಿನಲ್ಲಿ ಅವಳನ್ನು ಕಾಣುತ್ತ ಬದುಕಿದ. ಕಡೆಗೆ ಶೋಕವು ಅವನ ಎದೆಯನ್ನೇ ಸೀಳಿತು. ಗಂಗಾ ಸರಯೂ ಸಂಗಮದಲ್ಲಿ ದೇಹ ಬಿಟ್ಟ. ಇಂಥ ದುಃಖ ಕಾವ್ಯದಲ್ಲಷ್ಟೇ ಇರುವುದಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ದೀರ್ಘಶೋಕವೂ ಸೇರಿದೆ. ಆರು ತಿಂಗಳು ದಾಟಿ, ಆ ಸಮಾಜದ ರೂಢಿಯನ್ನೂ ಮೀರಿ, ಹಂಬಲವು ಒಂದಿಷ್ಟೂ ಸಡಿಲವಾಗದೆ ಬದುಕನ್ನೇ ಕೆಡಿಸುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಕು. "ನಾನೂ ಅವರ ಹಿಂದೆಯೇ ಹೋಗುತ್ತೇನೆ" ಎಂಬ ಮಾತು ಬಂದರಂತೂ ತಿಂಗಳು ಎಣಿಸುತ್ತ ಕೂರಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸೇವೆ ಇದೆ. 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಔಷಧ ತೆಗೆದುಕೊಳ್ಳುವವನ ಭಕ್ತಿಗೆ ಕುಂದಿಲ್ಲವಾದರೆ, ಮನದ ನೋವಿಗೆ ತೆಗೆದುಕೊಳ್ಳುವವನ ಭಕ್ತಿಗೆ ಎಲ್ಲಿಯ ಕುಂದು?

ಇನ್ನು ನೆರೆಹೊರೆಯವರಿಗೆ ಒಂದು ಮಾತು. ಶಿವಗಣಾರಾಧನೆಯವರೆಗೆ ಮನೆ ತುಂಬ ಜನ. ಆಮೇಲೆ ನೆಂಟರು ಊರಿಗೆ ಹೊರಡುತ್ತಾರೆ, ಪಾತ್ರೆಗಳು ಹಿಂದಿರುಗುತ್ತವೆ, ಮನೆಯಲ್ಲಿ ಒಬ್ಬರೇ ಉಳಿಯುತ್ತಾರೆ. ನಿಜವಾದ ದುಃಖ ಅಂದು ಆರಂಭವಾಗುತ್ತದೆ. ನೀವು ಹೋಗಬೇಕಾದದ್ದು ಅಂದು. ಒಂದು ಪಾತ್ರೆ ಸಾರು ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಹೋದವರ ಹೆಸರನ್ನು ಹೇಳಲು ಅಂಜಬೇಡಿ. ಆ ಹೆಸರನ್ನು ಕೇಳಲು ಅವರು ಕಾದಿರುತ್ತಾರೆ. ಗಂಡಸು ಅಳಬಾರದೆಂದು ಹೇಳಬೇಡಿ. ಮಕ್ಕಳಿಗೆ "ಅಪ್ಪ ಊರಿಗೆ ಹೋಗಿದ್ದಾರೆ" ಎಂದು ಸುಳ್ಳಾಡಬೇಡಿ. ಅವು ಬಾಗಿಲು ನೋಡುತ್ತ ಕೂರುತ್ತವೆ.

ದುಃಖದಲ್ಲಿರುವ ತಾಯಂದಿರೇ, ಪೂಜೆಗೆ ಕುಳಿತಾಗ ಕಣ್ಣೀರು ಬಂದರೆ ಒರೆಸಿಕೊಂಡು ಏಳಬೇಡಿ. ಅಂಗೈಯ ಲಿಂಗದ ಮೇಲೆ ಅದು ಬಿದ್ದರೆ ಬೀಳಲಿ. ಅದೂ ಒಂದು ಮಜ್ಜನವೇ. ಶಿವನು ಅದನ್ನು ಒಲ್ಲೆನೆನ್ನನು.

ಸರ್ವರಿಗೂ ಸನ್ಮಂಗಳವಾಗಲಿ.