ಹೇಳುವ ಬೆಲೆ, ಕೇಳುವ ಬೆಲೆ



ಕನ್ನಡದ ಸಂತೆಮಾತಿನಲ್ಲಿ ಒಂದು ಸೊಗಸಿದೆ. ಮಾರುವವನು ಬೆಲೆ ‘ಹೇಳುತ್ತಾನೆ’, ಕೊಳ್ಳುವವನು ಬೆಲೆ ‘ಕೇಳುತ್ತಾನೆ’. ‘ಅವರು ಎಂಬತ್ತು ಹೇಳಿದರು, ಇವರು ಅರವತ್ತೈದಕ್ಕೆ ಕೇಳಿದರು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೊಪ್ಪಿನ ಗಾಡಿಯ ಮುಂದೆ ಇದು ಅರ್ಧ ನಿಮಿಷದ ಆಟ. ಸೋತರೆ ಎರಡು ರೂಪಾಯಿ. ಮನೆ ಕೊಳ್ಳುವಾಗ ಸೋತರೆ ಇಪ್ಪತ್ತು ವರ್ಷದ ಕಂತು. ಆದರೂ ಬದನೆಕಾಯಿಗೆ ನಾಲ್ಕು ಅಂಗಡಿ ವಿಚಾರಿಸುವ ಸಂಸಾರ, ಮನೆಯ ವಿಷಯದಲ್ಲಿ ಮಾತ್ರ ದಲ್ಲಾಳಿ ಹೇಳಿದ ಅಂಕಿಯಿಂದ ಐದು ಲಕ್ಷ ಇಳಿಸಿ ಗೆದ್ದೆವೆಂದು ಬೀಗುತ್ತದೆ. ಹೇಳಿದ ಅಂಕಿಯೇ ಎಲ್ಲಿಂದ ಬಂತೆಂದು ವಿಚಾರಿಸುವವರು ಕಡಿಮೆ.

ಮನೆಯ ಬೆಲೆಯನ್ನು ಬೀದಿಯಲ್ಲಿ ನಿಂತೇ ತೀರ್ಮಾನಿಸಬೇಕೆಂದು ವಿಧಿಸಿದ ಗ್ರಂಥವೊಂದು ನಮ್ಮ ಮೈಸೂರಿನಲ್ಲೇ ಬೆಳಕು ಕಂಡಿತು. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲಗಳ ಮಾರಾಟಕ್ಕೆಂದೇ ಒಂದು ಪ್ರಕರಣವಿದೆ. ನೆಂಟರು, ನೆರೆಯವರು, ಸಾಲ ಕೊಟ್ಟವರು, ಈ ಕ್ರಮದಲ್ಲಿ ಕೊಳ್ಳುವ ಹಕ್ಕು; ಆಮೇಲೆ ಹೊರಗಿನವರಿಗೆ. ನೆರೆಹೊರೆಯ ನಲವತ್ತು ಕುಟುಂಬದವರ ಎದುರು, ಮನೆಯ ಮುಂದೆಯೇ ಬೆಲೆಯನ್ನು ಮೂರು ಬಾರಿ ಸಾರಬೇಕು. ಯಾರೂ ಅಡ್ಡಬಾರದಿದ್ದರೆ ಕೊಳ್ಳಲು ಬಂದವನಿಗೆ ಮನೆ. ಪೈಪೋಟಿಯಿಂದ ಬೆಲೆ ಏರಿತೋ, ಏರಿದಷ್ಟೂ ಸುಂಕದ ಜತೆ ರಾಜನ ಬೊಕ್ಕಸಕ್ಕೆ! ಶಾಸ್ತ್ರದಲ್ಲಿದ್ದುದೆಲ್ಲ ಬೀದಿಯಲ್ಲಿ ನಡೆಯುತ್ತಿತ್ತೆಂದು ನಂಬಬೇಕಾಗಿಲ್ಲ. ಆದರೆ ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂಬುದು ಊರಿಗೆ ಗೊತ್ತಿರಬೇಕೆಂಬ ವಿಚಾರ ಅದರಲ್ಲಿದೆ.

ನಮ್ಮ ಈಚಿನ ವ್ಯವಹಾರ ದನದ ಜಾತ್ರೆಗೆ ಹತ್ತಿರ. ಅಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಮನೆಯ ಮಾರಾಟದಲ್ಲಿ ಆ ಟವಲಿನ ಕೆಲಸ ಮಾಡಿದ್ದು ಕಪ್ಪುಹಣ. ಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು. ಇದನ್ನು ತಡೆಯಲೆಂದೇ ಸರ್ಕಾರ ಪ್ರದೇಶವಾರು ಮಾರ್ಗಸೂಚಿ ಬೆಲೆ ನಿಗದಿ ಮಾಡಿ, ಪತ್ರದ ಬೆಲೆ ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಮಾರ್ಗಸೂಚಿಯ ಮೇಲೆಯೇ ಶುಲ್ಕ ವಸೂಲು ಮಾಡುತ್ತದೆ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿತು. ನಗದು ಕೊಟ್ಟವನಿಗೆ ಇನ್ನೊಂದು ಪೆಟ್ಟು ತಡವಾಗಿ ಬೀಳುತ್ತದೆ. ಮುಂದೊಂದು ದಿನ ಆತ ಮನೆ ಮಾರಿದಾಗ ಪತ್ರದಲ್ಲಿರುವುದಷ್ಟೇ ಅವನ ಖರೀದಿ ಬೆಲೆ. ಗುಟ್ಟಾಗಿ ಕೊಟ್ಟದ್ದೂ ಲಾಭವೆನಿಸಿಕೊಂಡು ಅದಕ್ಕೂ ತೆರಿಗೆ ತೆರಬೇಕು.

ಈ ಟವಲನ್ನು ಒಂದು ಮೂಲೆಯಲ್ಲಾದರೂ ಎತ್ತಿ ನೋಡಲು ಸಾಧ್ಯ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ಪತ್ರಗಳ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಜನ ‘ಇ.ಸಿ.’ ಎನ್ನುವ ಋಣಭಾರ ಪ್ರಮಾಣಪತ್ರವನ್ನು ಮನೆಯ ಮೇಲೆ ಸಾಲವಿದೆಯೇ ಎಂದು ತಿಳಿಯಲಷ್ಟೇ ತೆಗೆಸುವವರು ಬಹಳ. ಈಗಿನ ಮಾಲೀಕ ಯಾವಾಗ, ಎಷ್ಟಕ್ಕೆ ಕೊಂಡನೆಂಬುದೂ ಅದರಲ್ಲಿರುತ್ತದೆ. ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಎರಡು ಮೂರು ಮನೆಗಳ ಪತ್ರದ ಬೆಲೆ ಹುಡುಕಿ, ನೆರೆಯವರ ಬಾಯಿಮಾತಿನೊಂದಿಗೆ ಹೋಲಿಸಬೇಕು. ಪತ್ರದ ಬೆಲೆ ಮಾರ್ಗಸೂಚಿಗೆ ಸರಿಸಮವಾಗಿದ್ದರೆ ಕೊಂಚ ಅನುಮಾನವಿರಲಿ. ಬ್ಯಾಂಕ್ ಸಾಲದಲ್ಲಿ ಕೊಂಡ ಮನೆಯ ಪತ್ರ ಹೆಚ್ಚು ನಂಬಿಕೆಗೆ ಅರ್ಹ.

ಈಗ ಒಂದು ಉದಾಹರಣೆ. ಬೆಲೆಗಳು ಲೆಕ್ಕಕ್ಕಾಗಿ ಮಾತ್ರ. ಮೂವತ್ತು-ನಲವತ್ತರ ಸೈಟು, ಅಂದರೆ 1,200 ಚದರಡಿ. ಅದರಲ್ಲಿ ಸಾವಿರ ಚದರಡಿಯ, 25 ವರ್ಷ ಹಳೆಯ ಮನೆ. ಹೇಳುವ ಬೆಲೆ 80 ಲಕ್ಷ. ಆ ಬೀದಿಯ ಖಾಲಿ ಸೈಟು ಚದರಡಿಗೆ 5,000ದಂತೆ ಹೋಗಿದ್ದರೆ ನೆಲಕ್ಕೆ 60 ಲಕ್ಷ. ಅಂಥ ಮನೆಯನ್ನು ಇಂದು ಕಟ್ಟಲು ಚದರಡಿಗೆ 2,000ದಂತೆ 20 ಲಕ್ಷ. ಕಟ್ಟಡದ ಆಯುಸ್ಸು 50 ವರ್ಷವೆಂದು ಹಿಡಿದರೆ ಅರ್ಧ ಸವೆದು 10 ಲಕ್ಷ ಉಳಿಯಿತು. ಒಟ್ಟು 70. ತಾರಸಿ ಸೋರುತ್ತಿದೆ, ವೈರಿಂಗ್ ಹಳೆಯದು, ರಿಪೇರಿಗೆ 3 ಲಕ್ಷ ಬೇಕು ಎಂದಾದರೆ ಲೆಕ್ಕ 67ಕ್ಕೆ ನಿಲ್ಲುತ್ತದೆ. ಮಾಲೀಕ ಹಾಕಿಸಿದ ತೇಗದ ಬಾಗಿಲಿಗೆ, ಪೂಜಾ ಕೋಣೆಯ ಕೆತ್ತನೆಗೆ ಆತ ಕಟ್ಟುವ ಬೆಲೆ ಬೇರೆ. ಪಾಪ, ಅದು ಅವನ ಮನೆ. ಬಾಡಿಗೆಯ ಲೆಕ್ಕ ಇಲ್ಲಿ ಹೆಚ್ಚು ನೆರವಿಗೆ ಬಾರದು. ನಮ್ಮ ನಗರಗಳಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆ ತೀರಾ ಕಡಿಮೆ.

‘ಹೇಗೂ ಸಾಲ ತೆಗೆಯುತ್ತೇವಲ್ಲ, ಹತ್ತು ಲಕ್ಷ ಹೆಚ್ಚಾದರೇನು’ ಎಂಬ ಮಾತು ಕೇಳಿಬರುತ್ತದೆ. ಮೋಸ ಇರುವುದೇ ಇಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ಮೀರಿ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇಕಡ 80ನ್ನು ದಾಟುವಂತಿಲ್ಲ. ಬ್ಯಾಂಕಿನ ಮೌಲ್ಯಮಾಪಕ 70 ಲಕ್ಷ ಎಂದರೆ, ಸಾಲ 56 ಲಕ್ಷಕ್ಕೆ ನಿಂತಿತು. ಇಂಥ ಮನೆಗೆ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಶೇಕಡ 5.6, ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿಸಲಾಯಿತು. 70 ಲಕ್ಷಕ್ಕೆ ಕೊಂಡರೆ ಕೈಯಿಂದ 14 ಲಕ್ಷ, ಶುಲ್ಕಕ್ಕೆ 5.32 ಲಕ್ಷ, ಒಟ್ಟು 19.32 ಲಕ್ಷ. 80ಕ್ಕೆ ಕೊಂಡರೆ 24 ಲಕ್ಷ ಮತ್ತು 6.08 ಲಕ್ಷ, ಒಟ್ಟು 30.08 ಲಕ್ಷ. ಹೆಚ್ಚಿಗೆ ಹೋದ 10.76 ಲಕ್ಷದಲ್ಲಿ ಬ್ಯಾಂಕಿನದು ಒಂದು ಪೈಸೆಯೂ ಇಲ್ಲ. ಮಗಳ ಓದಿಗೆ ಇಟ್ಟದ್ದು, ಭವಿಷ್ಯನಿಧಿಯಿಂದ ತೆಗೆದದ್ದು, ಕೊನೆಗೆ ಕೈಬಳೆ.

ಹಾಗಾದರೆ ಮೊದಲ ಮಾತು ಎಷ್ಟಿರಬೇಕು? ಮಿತಿ 67 ಎಂದಾದರೆ 62, 63ಕ್ಕೆ ಕೇಳುವುದು ಅವಮಾನವಲ್ಲ, ಲೆಕ್ಕದ ಚೀಟಿ ಮುಂದಿಟ್ಟು ಕೇಳಿದರೆ. ಸುಮ್ಮನೆ 50 ಎಂದರೆ ಮಾಲೀಕ ಕಾಫಿಯನ್ನೂ ಕೊಡದೆ ಕಳಿಸಿಯಾನು. ಮನೆ ಎಷ್ಟು ತಿಂಗಳಿಂದ ಮಾರಾಟಕ್ಕಿದೆ, ಅಣ್ಣತಮ್ಮಂದಿರ ಪಾಲಿಗಾಗಿ ಮಾರುತ್ತಿದ್ದಾರೆಯೇ, ಮಕ್ಕಳಿರುವ ಊರಿಗೆ ಹೊರಟಿದ್ದಾರೆಯೇ ಎಂಬುದನ್ನು ತಿಳಿದಿರಬೇಕು. ಅವಸರವಿರುವವನಿಗೆ ಎರಡು ಲಕ್ಷಕ್ಕಿಂತ ಎರಡು ತಿಂಗಳು ದೊಡ್ಡದು. ದಲ್ಲಾಳಿಗೆ ಮಾತ್ರ ಮಿತಿಯ ಗುಟ್ಟು ಬಿಟ್ಟುಕೊಡಬಾರದು. ಅವನ ಕಮಿಷನ್ ಬೆಲೆಯ ಶೇಕಡದಲ್ಲಿದ್ದರೆ ಬೆಲೆ ಏರಿದಷ್ಟೂ ಅವನಿಗೆ ಲಾಭ.

ಬೆಲೆ ಕುದುರಿದ ಮೇಲೆ ಮುಂಗಡ ಬ್ಯಾಂಕಿನ ಮೂಲಕವೇ ಹೋಗಲಿ. 50 ಲಕ್ಷ ಮತ್ತು ಅದಕ್ಕೂ ಮೇಲಿನ ಖರೀದಿಯಲ್ಲಿ ಶೇಕಡ 1 ತೆರಿಗೆಯನ್ನು ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ 2013ರ ಜೂನ್‌ನಿಂದ ಕೊಳ್ಳುವವನದೇ. ದಾಖಲೆಗಳಲ್ಲಿ ದೋಷ ಕಂಡರೆ, ಅಥವಾ ಬ್ಯಾಂಕು ಎಣಿಸಿದಷ್ಟು ಸಾಲ ಕೊಡದಿದ್ದರೆ ಮುಂಗಡ ಪೂರ್ತಿ ವಾಪಸು ಎಂಬ ಒಂದು ಸಾಲನ್ನು ಕರಾರುಪತ್ರದಲ್ಲಿ ಬರೆಸಬೇಕು. ಈ ಸಾಲಿಗೆ ಒಪ್ಪದ ಮಾಲೀಕ ಬೆಲೆ ಇನ್ನೂ ಎರಡು ಲಕ್ಷ ಇಳಿಸಿದರೂ ಮುಂಗಡ ಕೊಡದೆ ಎದ್ದು ಬರುವುದೇ ಸರಿ.