ಅಪ್ಪೆಯ ಮಿಡಿ
(ಬಾನುಲಿ ಭಾಷಣ)

ಮಾವಿನ ಬಾಳಿನ ಒಂದೊಂದು ಹಂತಕ್ಕೂ ಕನ್ನಡದಲ್ಲಿ ಒಂದೊಂದು ಹೆಸರುಂಟು. ಹೂ ಕಚ್ಚಿದಾಗ ಹೀಚು, ತುಸು ಬೆಳೆದರೆ ಮಿಡಿ, ಒಳಗೆ ಗೊರಟು ಗಟ್ಟಿಯಾದರೆ ಕಾಯಿ, ಬಣ್ಣ ತಿರುಗುವ ಹೊತ್ತಿಗೆ ದೋರೆಗಾಯಿ, ಕಡೆಗೆ ಹಣ್ಣು. ನಿಘಂಟುಕಾರನಿಗೆ ಇವು ಐದು ಪದಗಳು ಮಾತ್ರ. ಮಲೆನಾಡಿನ ಗೃಹಿಣಿಗಾದರೋ ಇವು ಐದು ಬೇರೆ ಬೇರೆ ಪದಾರ್ಥಗಳು. ಒಂದರ ಕೆಲಸ ಇನ್ನೊಂದರಿಂದ ಆಗದು. ಈ ಐದರಲ್ಲಿ ಎರಡನೆಯದನ್ನು ಕುರಿತು, ಅದರಲ್ಲಿಯೂ ಅಪ್ಪೆಯೆಂಬ ಕಾಡುಮಾವಿನ ಮಿಡಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅಪ್ಪೆ ಯಾರೂ ನೆಟ್ಟು ಬೆಳೆಸಿದ ಮರವಲ್ಲ. ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ, ಯಲ್ಲಾಪುರದ ಸೀಮೆಗಳಲ್ಲಿ, ಶರಾವತಿ, ವರದಾ, ಅಘನಾಶಿನಿಯಂಥ ಹೊಳೆಗಳ ಮತ್ತು ಅವುಗಳಿಗೆ ಬಂದು ಸೇರುವ ಹೆಸರಿಲ್ಲದ ಹಳ್ಳಗಳ ದಂಡೆಯಲ್ಲಿ ಅದು ತಾನಾಗಿ ಹುಟ್ಟಿ ಬೆಳೆದದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ನಮ್ಮ ರಸಪುರಿ, ಬಾದಾಮಿಗಳ ಕುಲದ್ದೇ. ಆದರೆ ಹಣ್ಣಾದರೆ ಅದನ್ನು ಕೇಳುವವರಿಲ್ಲ. ನಾರು, ಗೊರಟು, ಹುಳಿ ಇಷ್ಟೇ. ಅದರ ಹಿರಿಮೆಯೆಲ್ಲ ಎಳೆತನದಲ್ಲಿ, ಎಳೆತನದ ಸೊನೆಯಲ್ಲಿ. ತೊಟ್ಟು ಮುರಿದೊಡನೆ ಚಿಮ್ಮುವ ಆ ಹನಿಯಲ್ಲಿ ಒಂದು ಮರಕ್ಕೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಮರದಿಂದ ಮರಕ್ಕೆ ಇದು ಬೇರೆ. ಬಲ್ಲವರು ಮಿಡಿಯಿಲ್ಲದ ಕಾಲದಲ್ಲಿಯೂ ಎಲೆಯೊಂದನ್ನು ಹೊಸಕಿ ಮೂಸಿ ಮರದ ಜಾತಿಯನ್ನು ಹೇಳಬಲ್ಲರು. ಜೀರಿಗೆ ಅಪ್ಪೆ, ಕರ್ಪೂರ ಅಪ್ಪೆ ಎಂಬ ಹೆಸರುಗಳು ಹೀಗೆ ಬಂದವು. ಕೆಲವಕ್ಕೆ ಊರಿನ ಹೆಸರು, ಕೆಲವಕ್ಕೆ ಮನುಷ್ಯರದು. ಅನಂತಭಟ್ಟನ ಅಪ್ಪೆಯ ಹೆಸರು ಕೇಳದ ಮನೆ ಆ ಕಡೆ ವಿರಳ. ಕಾವ್ಯ ಬರೆದೂ ಎಷ್ಟೋ ಕವಿಗಳಿಗೆ ದಕ್ಕದ ಭಾಗ್ಯ ಒಂದು ಮಿಡಿಯ ದೆಸೆಯಿಂದ ಆತನಿಗೆ ದಕ್ಕಿತು!

ವರದೆಯ ದಂಡೆಯ ಬನವಾಸಿಯನ್ನು ಹತ್ತನೆಯ ಶತಮಾನದ ಪಂಪ ನೆನೆದು ಹಂಬಲಿಸುವಾಗ ಮಾವಿನ ಮರವನ್ನು ಮರೆಯುವುದಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಪಂಪನ ಮಾವು ಅಪ್ಪೆಯೇ ಎಂದು ಸಾಧಿಸಹೊರಡುವಷ್ಟು ಅಭಿಮಾನ ನನಗಿಲ್ಲ. ಆದರೆ ಆತನ ಮರುಶತಮಾನದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಒಂದೇ ಗ್ರಂಥದೊಳಗೆ ಇರುವುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಮರವನ್ನು ಬಲ್ಲವನೂ ಅಡಿಗೆಯನ್ನು ಬಲ್ಲವನೂ ಬೇರೆಯಾಗಿರಬೇಕಿಲ್ಲ ಎಂಬ ಕಾಲ ಅದು.

ಮಿಡಿ ಕೊಯ್ಯುವುದು ಫಾಲ್ಗುಣ ಚೈತ್ರಗಳ ಕೆಲಸ. ಕೊಯ್ಲಿನ ಅವಧಿ ಬಹು ಕಿರಿದು. ಚಾಕುವಿನ ಅಲಗು ಗೊರಟಿನ ನಡುವೆ ತಡೆಯಿಲ್ಲದೆ ಹಾಯಬೇಕು. ತಡೆದರೆ ಕಾಲ ಮೀರಿತೆಂದೇ ಲೆಕ್ಕ. ಮರವೋ ಮುಗಿಲೆತ್ತರ. ಹತ್ತುವವನು ಹಗ್ಗ ಕಟ್ಟಿಕೊಂಡು ಏರಿ, ಕೊಕ್ಕೆಗೆ ಬಿಗಿದ ಬಲೆಯಲ್ಲಿ ಗೊಂಚಲನ್ನು ಹಿಡಿದು, ಬುಟ್ಟಿಯಲ್ಲಿ ಮೆಲ್ಲನೆ ಇಳಿಬಿಡಬೇಕು. ನೆಲಕ್ಕೆ ಬಿದ್ದ ಮಿಡಿ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಪೆಟ್ಟು ತಿಂದಿರುತ್ತದೆ. ಅಂಥದೊಂದು ಭರಣಿಗೆ ಹೋದರೆ ನೆರೆಯ ಹತ್ತನ್ನು ಕೆಡಿಸುತ್ತದೆ. ತೊಟ್ಟು ಕಳಚಿದ್ದೂ ಅಷ್ಟೇ. ಸೊನೆ ಸೋರಿಹೋದ ಮೇಲೆ ಅಪ್ಪೆಗೂ ಬೇರೆ ಮಾವಿಗೂ ಭೇದವೇನು?

ನಮ್ಮ ಅಜ್ಜಿ ಮಿಡಿಗಳನ್ನು ಒಣಬಟ್ಟೆಯಿಂದ ಒರಸಿ, ತೊಟ್ಟನ್ನು ಅರ್ಧ ಅಂಗುಲ ಉಳಿಸಿ ಕತ್ತರಿಸಿ, ಚೀನಿ ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಎಂದು ತುಂಬುತ್ತಿದ್ದರು. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಉಪ್ಪು, ಇದು ನಮ್ಮ ಮನೆಯ ಲೆಕ್ಕ. ಒಂದು ತೊಟ್ಟು ನೀರನ್ನೂ ಹಾಕುವಂತಿಲ್ಲ. ಆದರೂ ಕೆಲವು ದಿನಗಳಲ್ಲಿ ಭರಣಿಯ ತುಂಬ ನೀರು! ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆಳೆಯುತ್ತದೆ, ತಾನು ಒಳಹೋಗುತ್ತದೆ. ಮಿಡಿ ಮುದುಕಿಯ ಕೆನ್ನೆಯಂತೆ ಸುಕ್ಕುಗಟ್ಟುತ್ತದೆ. ಹಾಗೆ ಕೂಡಿದ ನೀರು ಎಷ್ಟು ಉಪ್ಪೆಂದರೆ ಕೊಳೆಸುವ ಕ್ರಿಮಿಗಳಿಗೆ ಅಲ್ಲಿ ಬಾಳುವೆಯಿಲ್ಲ. ಹೀಗೆ ಉಪ್ಪಿನಲ್ಲಿಟ್ಟ ಮಿಡಿಯನ್ನು ಒಂದೆರಡು ವರುಷ ಇಟ್ಟು, ಬೇಕಾದಾಗ ಮಸಾಲೆಗೆ ಹಾಕುವವರುಂಟು. ಮಸಾಲೆಯೆಂದರೆ ಸಾಸುವೆ ಮತ್ತು ಮೆಣಸಿನಕಾಯಿ, ಅಷ್ಟೇ. ಎಣ್ಣೆಯ ಹಂಗಿಲ್ಲ. ಭರಣಿಯ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿಯನ್ನು ಕಲಸಬೇಕು. ಬಿಸಿಯಿರುವಾಗ ಕಲಸಿದರೆ ಸಾಸುವೆಯ ಘಾಟು ಹಾರಿಹೋಗುತ್ತದೆ. ಬೂಸಲನ್ನು ದೂರವಿಡುವುದು ಆ ಘಾಟೇ. ಒದ್ದೆ ಕೈ, ಒದ್ದೆ ಸೌಟು ಭರಣಿಯ ಹತ್ತಿರ ಸುಳಿಯಕೂಡದೆಂಬ ಅಜ್ಜಿಯ ಕಟ್ಟಪ್ಪಣೆಯನ್ನು ನಾವು ಮಕ್ಕಳು ಮಡಿಯೆಂದು ತಿಳಿದಿದ್ದೆವು. ಮೇಲಿನ ಪದರದ ಉಪ್ಪು ನೀರು ಬಿದ್ದು ತೆಳುವಾದರೆ ಅಲ್ಲಿಂದಲೇ ಬೂಸಲು ಆರಂಭವಾಗುತ್ತದೆ ಎಂಬ ವಿವೇಕ ಆ ಮಡಿಯೊಳಗೆ ಇತ್ತು. ಒಳ್ಳೆಯ ಅಪ್ಪೆ ಮೂರನೆಯ ವರುಷವೂ ಹಲ್ಲಿಗೆ ಕರುಕೆನ್ನುತ್ತದೆ. ಮೊಸರನ್ನದ ಜೊತೆಗೆ ಅದನ್ನು ಕಚ್ಚಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಕಚ್ಚದವರಿಗೆ ಹೇಳಿ ಪ್ರಯೋಜನವಿಲ್ಲ. ಉತ್ತರ ಕನ್ನಡದ ಅಪ್ಪೆಹುಳಿಯ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅದನ್ನು ಕುಡಿದವರಿಗೆ ನಿದ್ದೆ ಬರುತ್ತದೆ, ಅದರ ವರ್ಣನೆಯಿಂದ ನಿಮಗೂ ಬಂದೀತು.

ಇಷ್ಟು ಬೆಲೆಯುಳ್ಳದ್ದನ್ನು ತೋಟದಲ್ಲಿ ಬೆಳೆಯಬಾರದೇಕೆ ಎಂದು ಕೇಳಬಹುದು. ಗೊರಟು ನೆಟ್ಟರೆ ಮರವೇನೋ ಬರುತ್ತದೆ, ತಾಯಿಯ ಪರಿಮಳ ಬರುವುದೆಂಬ ಭರವಸೆಯಿಲ್ಲ. ಬೀಜದಲ್ಲಿ ಯಾವುದೋ ನೆರೆಮರದ ಪರಾಗವೂ ಸೇರಿರುತ್ತದೆ. ಆದ್ದರಿಂದ ಕಸಿಯೊಂದೇ ದಾರಿ. ತಾಯಿಮರದ ಕಡ್ಡಿಯನ್ನು ತಂದು ಸಾಮಾನ್ಯ ಮಾವಿನ ಸಸಿಗೆ ಕಟ್ಟಿದರೆ ನಾಲ್ಕೈದು ವರುಷದಲ್ಲಿ ಮಿಡಿ ಕಾಣಬಹುದು. ಈ ಕೆಲಸ ಈಗ ಮಲೆನಾಡಿನ ಹಲವು ಕಡೆ ನಡೆಯುತ್ತಿದೆ, ಸಂತೋಷ. ಆದರೆ ಕಸಿಯಾಗುತ್ತಿರುವುದು ಹೆಸರು ಮಾಡಿದ ಕೆಲವೇ ಮರಗಳು. ಹೆಸರಿಲ್ಲದ ಹಳ್ಳದ ಹೆಸರಿಲ್ಲದ ಮರದ ಕಡ್ಡಿಯನ್ನು ಯಾರು ತರಬೇಕು?

ಅಂಥ ಮರಗಳು ದಿನದಿನಕ್ಕೆ ಕಡಿಮೆಯಾಗುತ್ತಿವೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ದಂಡೆಯೇ ನೀರಿನೊಳಗೆ ಹೋಯಿತು. ದಂಡೆಯಲ್ಲಿ ಬೆಳೆದದ್ದು ಉಳಿಯುವುದುಂಟೆ? ನಾಡಿಗೆ ಬೆಳಕು ಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂದು ನಡೆಯುತ್ತಿರುವುದಕ್ಕೆ ಅಂಥ ಸಮಾಧಾನವೂ ಇಲ್ಲ. ಮಿಡಿಗೆ ಪೇಟೆಯಲ್ಲಿ ಬೆಲೆ ಏರಿದಂತೆ, ಗೊಂಚಲು ಬಿಡಿಸುವ ತಾಳ್ಮೆ ಇಳಿಯಿತು. ಕೊಂಬೆಯನ್ನೇ ಕಡಿದು ಕೆಳಗೆ ಬೀಳಿಸಿ, ಅಲ್ಲಿ ಕುಳಿತು ಮಿಡಿ ಆಯುವುದನ್ನು ನಾನೇ ಕಂಡಿದ್ದೇನೆ. ಅಪ್ಪೆ ಪ್ರತಿ ವರುಷ ತಪ್ಪದೆ ಫಲಿಸುವ ಮರವಲ್ಲ. ಹೂಬಿಟ್ಟಾಗ ಇಬ್ಬನಿ ಹೆಚ್ಚಿದರೂ ಮಳೆ ಬಂದರೂ ಆ ವರುಷ ಬರಿಗೈ. ಕೊಂಬೆಯನ್ನೂ ಕಳೆದುಕೊಂಡ ಮರ ಮತ್ತೆ ಎಷ್ಟು ವರುಷ ಬಂಜೆಯಾಗಿ ನಿಲ್ಲಬೇಕೋ! ಫಲಿಸದ ಮರ ಮರಮುಟ್ಟಿನವನ ಕಣ್ಣಿಗೆ ಬೀಳುವುದು ತಡವಲ್ಲ.

ನಮ್ಮೂರ ಹಳ್ಳದಾಚೆ ಕರ್ಪೂರದ ವಾಸನೆಯ ಮರವೊಂದಿದೆ. ಅರ್ಧ ಭಾಗ ಒಣಗಿದೆ. ಕಳೆದ ವರುಷ ನನ್ನ ಸೋದರಳಿಯ ಅದರ ಹಸಿರು ಕೊಂಬೆಯಿಂದ ಕಡ್ಡಿ ತಂದು ಎಂಟು ಸಸಿಗಳಿಗೆ ಕಸಿ ಕಟ್ಟಿದ. ಐದು ಹಿಡಿದಿವೆ. ಮಳೆಗಾಲ ಹಿಡಿದೊಡನೆ ಎರಡನ್ನು ತೋಟದ ಅಂಚಿನಲ್ಲಿ, ಉಳಿದ ಮೂರನ್ನು ಹಳ್ಳದ ದಂಡೆಯಲ್ಲಿಯೇ ನೆಡುವುದೆಂದು ಗೊತ್ತುಮಾಡಿದ್ದೇವೆ.