ಮಾಗಡಿ ಕೆರೆಯ ಹೆಬ್ಬಾತು, ನಮ್ಮ ಕಡಲೆ ಹೊಲ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ತಡವಾಗಿ ಬರುವ ಹುಡುಗನೆಂದೇ ಹೆಸರಾಗಿದ್ದೆ. ಡಿಸೆಂಬರ್, ಜನವರಿಯಲ್ಲಂತೂ ಪ್ರಾರ್ಥನೆಗೆ ಸಿಕ್ಕವನೇ ಅಲ್ಲ. ಮಾಗಡಿ ಕೆರೆಯ ಬಾತುಗಳು ನಸುಕಿನಲ್ಲಿ ನಮ್ಮ ಕಡಲೆ ಹೊಲಕ್ಕೆ ಇಳಿಯುತ್ತಿದ್ದವು. ಖಾಲಿ ಎಣ್ಣೆ ಡಬ್ಬಿ ಬಾರಿಸಿ ಅವನ್ನು ಎಬ್ಬಿಸುವುದು ನನ್ನ ಕೆಲಸ. ಒಂದು ದಿನ ವಿಜ್ಞಾನದ ಗುರುಗಳು ಬಾಗಿಲಲ್ಲೇ ನಿಲ್ಲಿಸಿ, “ಯಾವ ಹಕ್ಕಿಲೇ ಅದು?” ಎಂದರು. “ಬಾತು ರೀ ಸರ್.” “ಎಲ್ಲಿಂದ ಬರತಾವ?” “ಕೆರಿಯಿಂದ ರೀ.” ತರಗತಿಯೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. “ಕೆರಿಗೆ ಎಲ್ಲಿಂದ ಬಂದ್ವು, ತಿಳ್ಕೊಂಡು ಬಂದು ಹೇಳು” ಎಂದರು. ಉತ್ತರ ಹೇಳಲು ಇಪ್ಪತ್ತು ವರ್ಷ ತಡವಾಗಿ ಬಂದಿದ್ದೇನೆ.

ಕಳೆದ ಜನವರಿಯಲ್ಲಿ ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಹಕ್ಕಿ ನೋಡಲು ಹೊರಟರು. ಎಲ್ಲಿಗೆಂದರೆ, ನಮ್ಮ ಗದಗ ಜಿಲ್ಲೆಯ ಇದೇ ಮಾಗಡಿ ಕೆರೆಗೆ! ನಾನೂ ಹೊರಟೆ. ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಗಿನ ಚಳಿಯಲ್ಲಿ ಹನ್ನೆರಡು ಜನ ಕೆರೆ ಏರಿಯ ಮೇಲೆ ಸಾಲಾಗಿ ನಡೆದೆವು. ಗಟ್ಟಿಯಾಗಿ ಮಾತಾಡಬಾರದು, ನೀರಿನ ಕಡೆ ಇಳಿಯಬಾರದು ಎಂದು ತಂಡದ ಹಿರಿಯರು ಮೊದಲೇ ಹೇಳಿದ್ದರು. ಹೊಲಗಳಿಂದ ಹಿಂತಿರುಗಿದ ಬಾತುಗಳು ಗುಂಪುಗುಂಪಾಗಿ ನೀರಿಗಿಳಿಯುತ್ತಿದ್ದವು. ಬೈನಾಕ್ಯುಲರಿನಲ್ಲಿ ಅವುಗಳ ಮುಖವನ್ನು ಮೊದಲ ಸಲ ನೋಡಿದೆ. ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟಿ. ಡಬ್ಬಿ ಬಾರಿಸುವಾಗ ನಾನು ಕಂಡಿದ್ದು ಅವುಗಳ ಬೆನ್ನು ಮಾತ್ರ.

ಗುರುಗಳೇ, ಅದರ ಹೆಸರು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ಹಿಮಾಲಯ ದಾಟಿ ಬರುತ್ತದೆ. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತ ತೆಳುಗಾಳಿಯಿಂದಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. 2024ರಲ್ಲಿ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಇವು ಏನು ತಿನ್ನುತ್ತವೆ ಎಂದು ತಂಡದಲ್ಲಿ ಒಬ್ಬರು ಕೇಳಿದರು. “ಹುಲ್ಲು, ಎಳೆ ಚಿಗುರು” ಎಂದು ಇನ್ನೊಬ್ಬರು ಪುಸ್ತಕ ನೋಡಿ ಹೇಳಿದರು. “ನಮ್ಮಪ್ಪನ ಕಡಲೆ” ಎಂದೆ ನಾನು. ಎಲ್ಲರೂ ನಕ್ಕರು. ಆಮೇಲೆ ರಾತ್ರಿ ಕಾವಲು, ಡಬ್ಬಿ, ಬೋಳಾದ ಸಾಲುಗಳ ಕಥೆ ಹೇಳಿದಾಗ ನಗು ನಿಂತಿತು.

ಮರುದಿನ ಊರಿಗೆ ಬಂದು ಅಪ್ಪನಿಗೆ ಫೋಟೊ ತೋರಿಸಿದೆ, ಹಿಮಾಲಯದ ವಿಷಯ ಹೇಳಿದೆ. ಬಹಳ ಹೊತ್ತು ನೋಡಿ, “ಅಷ್ಟು ದೂರದಿಂದ ಬಂದಾವಂದ್ರ ಹಸಿವಿ ಆಗಿರ್ತೈತಿ. ಆದ್ರ ನಮ್ಮ ಹೊಲಾನ ಬೇಕಾಗಿತ್ತೇನು ಅವಕ್ಕ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ಒಂದು ವಿನಂತಿ. ನಮ್ಮ ಬ್ಯಾಚಿನವರು ಕಂಪ್ಯೂಟರುಗಳ ಜೊತೆಗೆ ಆರು ಬೈನಾಕ್ಯುಲರ್ ಕೊಡುತ್ತಿದ್ದೇವೆ. 1987ರಿಂದ ಪ್ರತಿ ಜನವರಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಒಂಬತ್ತನೇ ತರಗತಿಯ ಮಕ್ಕಳನ್ನು ಅಂದು ಕೆರೆಗೆ ಕರೆದೊಯ್ಯಿರಿ. ಬಸ್ಸಿನ ಖರ್ಚು ನಮ್ಮದು. ಒಂದು ಪುಟದಲ್ಲಿ ಹಕ್ಕಿಗಳ ಲೆಕ್ಕ ಬರೆಯಲಿ. ಎದುರಿನ ಪುಟದಲ್ಲಿ ಯಾರ ಹೊಲದಲ್ಲಿ ಎಷ್ಟು ಬೆಳೆ ಹೋಯಿತೆಂದು ರೈತರನ್ನೇ ಕೇಳಿ ಬರೆಯಲಿ. ಹಕ್ಕಿ ಬೇಕೆನ್ನುವ ನಾವು ಆ ಲೆಕ್ಕವನ್ನೂ ಇಡಬೇಕು. ಪರಿಹಾರ ಕೇಳುವುದಕ್ಕೂ ಅದೇ ಆಧಾರವಾದೀತು.

ಇನ್ನು ಚಳಿಗಾಲದಲ್ಲಿ ಯಾವನಾದರೂ ತಡವಾಗಿ ಬಂದರೆ, ಯಾವ ಹಕ್ಕಿ ಎಂದು ಕೇಳಿ ಒಳಗೆ ಬಿಡಿ, ಗುರುಗಳೇ.